ದೂರಿಲ್ಲ

ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಎರಡು ಕೆಂಪು ಗೆರೆ ಬಿದ್ದಾಗಿತ್ತು. ಮೂರನೆಯದು ಬಿದ್ದರೆ ಕೆಲಸ ಹೋಯಿತೆಂದೇ ಅರ್ಥ. ಮೂರು ತಿಂಗಳ ಪರೀಕ್ಷೆಯ ಅವಧಿಯಲ್ಲಿ ಇನ್ನು ಉಳಿದಿದ್ದದ್ದು ಒಂಬತ್ತು ದಿನ. ಆ ಒಂಬತ್ತು ದಿನವೂ ಬೆಳಗಿನ ಆರೂವರೆಯೊಳಗೆ ಸಹಿ ಹಾಕಿದರೆ ಆ ಕೆಲಸ ನಿವೃತ್ತಿಯವರೆಗೂ ಅವಳದು. ಇಲ್ಲದಿದ್ದರೆ ನಲವತ್ಮೂರನೆಯ ವಯಸ್ಸಿನಲ್ಲಿ ಮತ್ತೆ ಅರ್ಜಿ ಹಿಡಿದು ಕಂಡಕಂಡವರ ಬಾಗಿಲು ಕಾಯಬೇಕು. ಕಷ್ಟ ಬಂದರೆ ಒಂಟಿಯಾಗಿ ಬರುವುದಿಲ್ಲ ಎನ್ನುತ್ತಾರಲ್ಲ, ಇಂಥ ಹೊತ್ತಿಗೇ ಓಡಿ ಬಸ್ಸು ಹಿಡಿಯಲು ಹೋಗಿ ಅವಳ ಬಲಗಾಲು ಉಳುಕಿತು.

ಆಸ್ಪತ್ರೆಯಲ್ಲಿ ಕೆಲಸ ಎಂದರೆ ಜನ ಮೊದಲು “ನರ್ಸಾ?” ಎನ್ನುತ್ತಾರೆ. ಅಲ್ಲ ಎಂದರೆ ದನಿಯನ್ನು ಒಂದು ಮೆಟ್ಟಿಲು ಇಳಿಸಿ “ಆಯಾನಾ?” ಎನ್ನುತ್ತಾರೆ. ಎರಡೂ ಅಲ್ಲ ಎಂದರೆ ಮಾತು ಬದಲಾಯಿಸುತ್ತಾರೆ. ಆಪರೇಷನ್ ಮುಗಿದ ಮೇಲೆ ರಕ್ತ ಮೆತ್ತಿದ ಕತ್ತರಿ, ಇಕ್ಕಳ, ಚಿಮುಟಗಳೆಲ್ಲ ಎಲ್ಲಿಗೆ ಹೋಗುತ್ತವೆ, ಮರುದಿನ ಫಳಫಳ ಹೊಳೆಯುತ್ತ ಹೇಗೆ ವಾಪಸು ಬರುತ್ತವೆ ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅವು ಬರುವುದು ಇವಳ ಕೋಣೆಗೆ. ತೊಳೆದು, ಒಣಗಿಸಿ, ಕೀಲು ಕೀಲನ್ನೂ ತೆರೆದು ನೋಡಿ, ಎಣಿಸಿ, ಟ್ರೇಯಲ್ಲಿ ಜೋಡಿಸಿ, ಎರಡು ಪದರದ ಬಟ್ಟೆಯಲ್ಲಿ ಕಟ್ಟಿ ಹಬೆಯ ಯಂತ್ರದೊಳಗೆ ಇಡುವುದು ಇವಳ ಕಸುಬು. ಹೊಟ್ಟೆಯ ಆಪರೇಷನ್ನಿನ ಟ್ರೇ ಎಂದರೆ ಐವತ್ತೆರಡು ಸಾಮಾನು. ಐವತ್ತೊಂದು ಹೋದರೆ ಡಾಕ್ಟರು ಚಾಚಿದ ಕೈ ಗಾಳಿಯಲ್ಲೇ ನಿಲ್ಲುತ್ತದೆ. ಐವತ್ತೆರಡು ಹೋಗಿ ಐವತ್ತೊಂದು ವಾಪಸು ಬಂದರೆ ರೋಗಿಯ ಹೊಟ್ಟೆಯಲ್ಲೇ ಹುಡುಕಬೇಕಾಗುತ್ತದೆ. ಹತ್ತೊಂಬತ್ತು ವರ್ಷದಲ್ಲಿ ಇವಳ ಎಣಿಕೆ ಒಮ್ಮೆಯೂ ತಪ್ಪಿರಲಿಲ್ಲ. ಹಳೆಯ ಆಸ್ಪತ್ರೆಯಲ್ಲಿ ಕಿರಿಯರೆಲ್ಲ ಅವಳನ್ನು ಎಣಿಕೆಯಕ್ಕ ಎಂದೇ ಕರೆಯುತ್ತಿದ್ದರು.

ಕಟ್ಟಿದ ಗಂಟಿನ ಮೇಲೆ ಒಂದು ಪಟ್ಟಿ ಅಂಟಿಸಿರುತ್ತಾರೆ. ಹಬೆ ತಾಗಿದರೆ ಅದರ ಮೇಲಿನ ಗೆರೆಗಳು ಕಪ್ಪಾಗುತ್ತವೆ. ಹೊಸದಾಗಿ ಸೇರಿದವರು ಕಪ್ಪು ಗೆರೆ ಕಂಡದ್ದೇ “ಆಯ್ತು ಅಕ್ಕ” ಎನ್ನುತ್ತಿದ್ದರು. ಎಣಿಕೆಯಕ್ಕ ಬಿಡುತ್ತಿರಲಿಲ್ಲ.

“ಹೊರಗಡೆ ಕಪ್ಪಾಗಿದೆ, ಅಷ್ಟೇ. ಒಳಗೆ ಹಬೆ ಹೋಗಿದೆ ಅಂತ ನಿಂಗ್ಯಾರು ಹೇಳಿದ್ರು? ಒಳಗೂ ಒಂದು ಪಟ್ಟಿ ಇಟ್ಟಿರ್ತೀವಿ. ಬಿಚ್ಚಿ ಅದನ್ನ ನೋಡೋವರೆಗೂ ಆಯ್ತು ಅನ್ನಬಾರದು.”

ಆ ಹಳೆಯ ಆಸ್ಪತ್ರೆ ಆಪರೇಷನ್ ವಿಭಾಗವನ್ನೇ ಮುಚ್ಚಲು ಹೊರಟಿತು. ದೂರದ ಇನ್ನೊಂದು ಊರಿನ ದೊಡ್ಡ ಆಸ್ಪತ್ರೆಯಿಂದ ಕರೆ ಬಂತು. ಅದು ಊರಿನ ಹೊರವಲಯದಲ್ಲಿತ್ತು. ಸುತ್ತ ಗೋದಾಮುಗಳು, ಖಾಲಿ ಸೈಟುಗಳು, ಉದ್ದಕ್ಕೆ ಕಾಂಪೌಂಡು ಗೋಡೆ. ಅಂದಿನಿಂದ ಎಲ್ಲಿ ಮನೆ ಮಾಡುವುದು ಎಂಬ ಚಿಂತೆ ಅವಳ ತಲೆ ತಿನ್ನತೊಡಗಿತು.

ತೊಡಕಿದ್ದದ್ದು ಗಂಡನ ಕಸುಬಿನಲ್ಲಿ. ಅವನು ದರ್ಜಿ. ಗುಂಡುಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಇಪ್ಪತ್ತೈದು ವರ್ಷ ಕೆಲಸ ಮಾಡಿದ ಮನುಷ್ಯ. ಬಾಯಿ ತೆರೆದರೆ ಪಿನ್ನು ಬೀಳುತ್ತದೆಂದು ಮಾತನ್ನು ಕತ್ತರಿಸಿ ಕತ್ತರಿಸಿ ಆಡಲು ಕಲಿತವನು, ಪಿನ್ನಿಲ್ಲದಾಗಲೂ ಹಾಗೇ ಆಡುತ್ತಿದ್ದ. “ನನ್ನ ಮಗನ ಬಾಯಿಂದ ಮಾತು ತೆಗೆಸೋದೂ ಒಂದೇ, ಕಲ್ಲಿಂದ ನಾರು ತೆಗೆಯೋದೂ ಒಂದೇ” ಎಂದು ಅವನ ಹೆತ್ತ ತಾಯಿಯೇ ಹೇಳುತ್ತಿದ್ದಳು. ದರ್ಜಿಗೆ ಜನ ಓಡಾಡುವ ಬೀದಿ ಬೇಕು. ಹರಿದ ಜಿಪ್ಪು, ಉದ್ದವಾದ ಪ್ಯಾಂಟು ಹಿಡಿದು ಯಾರೂ ಊರಾಚೆಯ ಗೋದಾಮುಗಳ ನಡುವೆ ಬರುವುದಿಲ್ಲ.

ಬ್ರೋಕರ್ ಎರಡು ಮನೆ ತೋರಿಸಿದ್ದ. ಒಂದು ಆಸ್ಪತ್ರೆಯ ಹಿಂಬದಿಯಲ್ಲಿ, ನಡೆದರೆ ಏಳು ನಿಮಿಷ. ಇನ್ನೊಂದು ಊರ ನಡುವಿನ ಪೇಟೆಬೀದಿಯಲ್ಲಿ. ಅದರ ಮುಂದಿನ ಕೋಣೆಗೆ ರಸ್ತೆಯ ಕಡೆ ಷಟರು ಬಾಗಿಲು, ಪಕ್ಕದಲ್ಲೇ ಬಟ್ಟೆ ಅಂಗಡಿಗಳ ಸಾಲು. ದರ್ಜಿಗೆಂದೇ ಕಟ್ಟಿಸಿದ ಹಾಗಿತ್ತು. ಆಸ್ಪತ್ರೆ ಕಡೆಯ ಮನೆಯನ್ನು ಅವಳು ಸಂದರ್ಶನಕ್ಕೆ ಹೋದ ದಿನವೇ ನೋಡಿ ಬಂದಿದ್ದಳು. ಪೇಟೆಯ ಮನೆ ನೋಡಲು ಗಂಡನನ್ನು ಕಳಿಸಿದಳು.

“ಮನೆ ಹೇಗಿದೆ ಅನ್ನೋದಕ್ಕಿಂತ ಅಲ್ಲಿಂದ ಆಸ್ಪತ್ರೆ ಎಷ್ಟು ದೂರ ಅಂತ ನೋಡ್ಕೊಂಡು ಬನ್ನಿ. ಬಸ್ಸಲ್ಲೇ ಹೋಗಿ. ನಿಮ್ಮ ಕಣ್ಣಾರೆ ನೋಡಿ ಹೇಳಿ.”

“ಹೂಂ” ಎಂದ.

ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಬ್ರೋಕರಿಗೆ ಉತ್ತರ ಹೇಳಬೇಕಿತ್ತು. ಎರಡೂ ಮನೆಗೆ ಇನ್ನೊಬ್ಬರು ಕಾದು ಕೂತಿದ್ದಾರೆ ಎಂದು ಅವನು ಹೆದರಿಸಿದ್ದ. ಅವಳು ಹಬೆಯ ಕೋಣೆಯಿಂದ ಹೊರಗೆ ಬಂದಾಗ ಒಂದೂಮುಕ್ಕಾಲು ಗಂಟೆ. ಮೊಬೈಲ್ ತೆರೆದರೆ ಗಂಡನ ಸಂದೇಶ ಬಂದಿತ್ತು. ಮೂರೇ ತುಣುಕು: “ಮನೆ ನೋಡಿದೆ. ದೂರಿಲ್ಲ. ತಗೊ.” ಫೋನ್ ಮಾಡಿದಳು, ಸಿಗಲಿಲ್ಲ. ಅವನಾಗಲೇ ರೈಲು ಹತ್ತಿದ್ದ. ದೂರವಿಲ್ಲ ಎಂದ ಮೇಲೆ ಇನ್ನೇನು ಮೀನ ಮೇಷ ಎಣಿಸುವುದು ಎಂದುಕೊಂಡು, ಎರಡಕ್ಕೆ ಐದು ನಿಮಿಷವಿರುವಾಗ ಬ್ರೋಕರಿಗೆ ಪೇಟೆಯ ಮನೆಯೇ ಇರಲಿ ಎಂದಳು. ಅವಳ ಎದೆಯ ಮೇಲಿನ ಭಾರ ಇಳಿಯಿತು. ತನಗೂ ಹತ್ತಿರ, ಅವನಿಗೂ ಅಂಗಡಿ. ಸಂಜೆ ಅವನು ಮನೆಗೆ ಬಂದಾಗ ಖುಷಿಯಿಂದಲೇ ಹೇಳಿದಳು: “ಪೇಟೆ ಮನೇನೇ ತಗೊಂಡೆ ರೀ. ನಿಮಗೂ ಸಮಾಧಾನ ಅಲ್ವಾ?” ಅವನು ಬಹಳ ಹೊತ್ತು ಅವಳ ಮುಖವನ್ನೇ ನೋಡಿದ. ಆಮೇಲೆ “ಹೂಂ” ಎಂದ. ಅವನ ಕಣ್ಣು ಒದ್ದೆಯಾಗಿತ್ತು. ಅಷ್ಟೊಂದು ಇಷ್ಟವಾಯಿತಲ್ಲ ಮನೆ ಎಂದು ಅವಳು ನಕ್ಕಳು.

ಆ ನಗು ಕೆಲಸದ ಮೊದಲ ದಿನವೇ ಹಾರಿಹೋಯಿತು. ನಾಲ್ಕು ಐವತ್ತರ ಬಸ್ಸು. ಬಸ್‌ ನಿಲ್ದಾಣದಲ್ಲಿ ಇಳಿದು, ಚಳಿಯಲ್ಲಿ ಇಪ್ಪತ್ತು ನಿಮಿಷ ನಿಂತು, ಇನ್ನೊಂದು ಬಸ್ಸು. ಆಮೇಲೆ ರೈಲ್ವೆ ಗೇಟು. ಗೇಟಿನ ಆಚೆ ಇನ್ನೂ ಒಂದು ಕಿಲೋಮೀಟರು. ಎಲ್ಲ ಸೇರಿ ಒಂದೂವರೆ ಗಂಟೆ. ವಾಪಸು ಬರುವಾಗಿನ ಸಂದಣಿಯಲ್ಲಿ ಎರಡು ಗಂಟೆಯೂ ಆಗುವುದಿತ್ತು. ಇದನ್ನು ಕಣ್ಣಾರೆ ನೋಡಿ ಬಂದು ದೂರವಿಲ್ಲ ಎಂದನಲ್ಲ! ಅಂಗಡಿಯ ಆಸೆಗೆ ಸುಳ್ಳು ಹೇಳಿದ. ಇಪ್ಪತ್ತು ವರ್ಷ ಒಂದೇ ಸೂರಿನ ಕೆಳಗೆ ಬಾಳಿದವನು ತನಗೆ ಮೋಸ ಮಾಡಿದ. ಸಿಟ್ಟಿಗಿಂತ ನೋವೇ ಅವಳಿಗೆ ಹೆಚ್ಚಾಯಿತು, ಆದರೆ ನೋವು ತೋರಿಸಿಕೊಳ್ಳುವುದು ಕಷ್ಟವೆಂದು ಸಿಟ್ಟನ್ನೇ ತೋರಿಸಿದಳು. ಅದೂ ಮಾತಿನಲ್ಲಲ್ಲ, ಪಾತ್ರೆಗಳ ಸದ್ದಿನಲ್ಲಿ.

ಇತ್ತ ಅಂಗಡಿ ಕೈ ಹಿಡಿಯಿತು. ಬಟ್ಟೆ ಕೊಂಡವರೆಲ್ಲ ಹತ್ತು ಹೆಜ್ಜೆ ದಾಟಿ ಅವನಲ್ಲಿಗೇ ಬರುತ್ತಿದ್ದರು. ಗಿರಾಕಿಗಳು ಹೆಚ್ಚಿದಷ್ಟೂ ಅವನು ಅವಳ ಸೇವೆಯನ್ನು ಹೆಚ್ಚಿಸಿದ. ನಾಲ್ಕಕ್ಕೆ ಅವಳಿಗಿಂತ ಮೊದಲೇ ಏಳುವನು. ಸಮವಸ್ತ್ರಕ್ಕೆ ಇಸ್ತ್ರಿ, ಫ್ಲಾಸ್ಕಿನಲ್ಲಿ ಚಹಾ, ಕೈಯಲ್ಲಿ ಟಾರ್ಚು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನಿಲ್ದಾಣದಲ್ಲಿ ನಿಂತಿರುವನು. ಅವಳಿಗೆ ಇದೆಲ್ಲ ಕಂಡದ್ದು ಒಂದೇ ರೀತಿ: ಕಳ್ಳನ ಮನಸ್ಸು ಹುಳ್ಳುಹುಳ್ಳಗೆ. ತಪ್ಪು ಮಾಡಿದವನು ಚಹಾ ಕೊಟ್ಟು ತೊಳೆದುಕೊಳ್ಳುತ್ತಿದ್ದಾನೆ.

ಜೊತೆಯಲ್ಲೇ ಇದ್ದ ಅತ್ತೆಯ ಕಣ್ಣಿಗೆ ಎಲ್ಲವೂ ಬೀಳುತ್ತಿತ್ತು.

“ಏನಮ್ಮಾ, ನಿಮ್ಮಿಬ್ಬರಿಗೆ ಏನಾಗಿದೆ? ಅವನು ಮೊದಲಿಂದ್ಲೂ ಮೂಗ. ಈಗ ನೀನೂ ಬಾಯಿಗೆ ಬೀಗ ಹಾಕ್ಕೊಂಡ್ರೆ ನಾನು ಗೋಡೆ ಜೊತೆ ಮಾತಾಡ್ಲಾ?”

“ಏನಿಲ್ಲ ಅತ್ತೆ. ಆಯಾಸ.”

“ಆಯಾಸ ಆದ್ರೆ ಮಲಗಬೇಕು. ಪಾತ್ರೆ ಏನು ಮಾಡಿತ್ತು ನಿಂಗೆ?”

ಮೊದಲ ಕೆಂಪು ಗೆರೆ ಬಿದ್ದದ್ದು ಎರಡನೆಯ ತಿಂಗಳಲ್ಲಿ, ರೈಲ್ವೆ ಗೇಟಿನಿಂದ. ಎರಡನೆಯದು ಬಸ್ಸು ಕೆಟ್ಟದ್ದರಿಂದ. ಮೇಲ್ವಿಚಾರಕಿ ಕೆಟ್ಟವಳಲ್ಲ, ಆದರೆ ಗಡಿಯಾರದ ಮುಳ್ಳಿನಂಥವಳು. ಯಾರಿಗಾಗಿಯೂ ಹಿಂದೆ ಸರಿಯುವುದಿಲ್ಲ. “ನಿಮ್ಮ ಕೈಕೆಲಸಕ್ಕೆ ನನ್ನದೇನೂ ತಕರಾರಿಲ್ಲ. ಆದರೆ ಏಳೂವರೆಗೆ ಮೊದಲನೇ ಟ್ರೇ ಮೇಲಕ್ಕೆ ಹೋಗ್ಲಿಲ್ಲ ಅಂದ್ರೆ ಆಪರೇಷನ್ ಟೇಬಲ್ ಮೇಲೆ ಮಲಗಿರೋ ಮನುಷ್ಯ ಕಾಯಬೇಕಾಗತ್ತೆ. ಮೂರನೇದು ಬಿದ್ರೆ ನನ್ನ ಕೈಲೂ ಇರಲ್ಲ” ಎಂದಿದ್ದಳು. ಅದು ನ್ಯಾಯವೆಂದು ಎಣಿಕೆಯಕ್ಕನಿಗೂ ಗೊತ್ತಿತ್ತು. ಆದ್ದರಿಂದಲೇ ಬೈಯಲು ಗಂಡನೊಬ್ಬನೇ ಉಳಿದಿದ್ದ, ಅವನನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದಳು.

ಕಾಲು ಉಳುಕಿದ ಮರುದಿನ ಬೆಳಿಗ್ಗೆ ಪಾದ ಚಪ್ಪಲಿಯೊಳಗೆ ಹೋಗಲಿಲ್ಲ. ಅವನು ತನ್ನ ಹಳೆಯ ದೊಡ್ಡ ಚಪ್ಪಲಿಯೊಂದನ್ನು ತಂದು ಅವಳ ಬಲಗಾಲಿಗೆ ಹಾಕಿದ.

“ನಾನೂ ಬರ್ತೀನಿ.”

“ಬೇಡ. ನಿಮ್ಮ ಅಂಗಡಿ ನೋಡ್ಕೊಳ್ಳಿ.”

ಅವನು ಅವಳ ಚೀಲವನ್ನು ಹೆಗಲಿಗೆ ಹಾಕಿಕೊಂಡ.

ಮೊದಲ ಬಸ್ಸು ಸರಿಯಾಗಿ ಬಂತು. ಎರಡನೆಯದು ಆರು ನಿಮಿಷ ತಡ. ಅವಳು ಮೊಬೈಲಿನ ಗಡಿಯಾರದಿಂದ ಕಣ್ಣು ಕೀಳಲಿಲ್ಲ. ಆರು ಗಂಟೆ ಮೂರು ನಿಮಿಷಕ್ಕೆ ಬಸ್ಸು ನಿಂತಿತು. ಮುಂದೆ ಗೇಟು ಬಿದ್ದಿತ್ತು. ಗೂಡ್ಸ್ ರೈಲು ಬಂತು, ನಿಧಾನವಾಯಿತು, ಹಳಿಯ ಮೇಲೆಯೇ ನಿಂತುಬಿಟ್ಟಿತು. ಬಸ್ಸಿನ ಡ್ರೈವರ್ ಎಂಜಿನ್ ಆರಿಸಿ ಸೀಟಿಗೆ ಒರಗಿದ. ಆರು ಐದು. ಆರು ಆರು. ರೈಲು ಅಲುಗಲಿಲ್ಲ.

ಗೇಟಿನ ಪಕ್ಕದಲ್ಲಿ ಜನ ದಾಟುವ ಸೇತುವೆ ಇತ್ತು. ಹತ್ತಲು ಮೂವತ್ತೆಂಟು ಮೆಟ್ಟಿಲು, ಇಳಿಯಲು ಮೂವತ್ತೆಂಟು. ಮೊದಲ ಗೆರೆ ಬಿದ್ದ ದಿನ ಓಡುತ್ತಲೇ ಅವನ್ನೂ ಎಣಿಸಿದ್ದಳು. ಅಂದು ಎರಡು ಕಾಲು ನೆಟ್ಟಗಿದ್ದೂ ತಡವಾಗಿತ್ತು. ಇಂದು ಒಂದು ಕಾಲು ಸೋರೆಕಾಯಿಯಷ್ಟು ಊದಿತ್ತು. ಮೂರು ತಿಂಗಳು ನುಂಗಿಕೊಂಡದ್ದೆಲ್ಲ ನಾಲಿಗೆಗೆ ಬಂತು.

“ಸಂತೋಷಾನಾ ಈಗ?” ಎಂದಳು ಅವನ ಕಡೆ ತಿರುಗಿ. “ಒಂದು ಮಾತು ನಿಜ ಹೇಳಿದ್ರೆ ನಾನೇನು ನಿಮ್ಮ ಅಂಗಡಿಗೆ ಅಡ್ಡ ಬರ್ತಿದ್ನಾ? ಎಷ್ಟೇ ದೂರ ಇದ್ರೂ ನಿಮಗೋಸ್ಕರ ಒಪ್ಕೋತಿದ್ದೆ. ಸುಳ್ಳು ಯಾಕೆ ಹೇಳಿದ್ರಿ?”

“ಯಾವ ಸುಳ್ಳು?”

“ದೂರಿಲ್ಲ ಅಂತ.”

ಅವನಿಗೆ ಅರ್ಥವಾಗಲಿಲ್ಲ. ಅವಳು ಮೊಬೈಲನ್ನು ಹಿಂದಕ್ಕೆ, ಹಿಂದಕ್ಕೆ ಸರಿಸಿ ಅವನ ಮೂಗಿನ ಮುಂದೆ ಹಿಡಿದಳು. “ಅಳಿಸಿಲ್ಲ ನಾನು. ನೋಡಿ. ನೀವೇ ಬರೆದದ್ದು.”

ಅವನು ಓದಿದ. “ಹೌದು. ದೂರಿಲ್ಲ. ಈಗ್ಲೂ ಇಲ್ಲ.”

“ಈ ಗೇಟಲ್ಲಿ ಕೂತ್ಕೊಂಡು ದೂರಿಲ್ಲ ಅಂತೀರಾ?”

“ಇದಕ್ಕೂ ಗೇಟಿಗೂ ಏನು? ನಂದು ದೂರಿಲ್ಲ ಅಂದೆ. ದೂರು. ದೂರು ಇಲ್ಲ. ತಕರಾರಿಲ್ಲ ಅಂತ.”

ಅವಳು ಆ ಮೂರು ತುಣುಕನ್ನು ಮತ್ತೆ ಓದಿದಳು.

“ಯಾವ ಮನೆಗೆ ತಕರಾರಿಲ್ಲ?” ಎಂದಳು.

“ಆಸ್ಪತ್ರೆ ಮನೆಗೆ. ಇನ್ಯಾವುದಕ್ಕೆ? ಅವತ್ತು ಇದೇ ಬಸ್ಸಲ್ಲಿ ಬಂದೆ. ಇದೇ ಗೇಟಲ್ಲಿ ಮುಕ್ಕಾಲು ಗಂಟೆ ಕೂತೆ. ದಿನಾ ಇದು ನಿನ್ನಿಂದ ಆಗಲ್ಲ ಅನ್ನಿಸ್ತು. ಆಸ್ಪತ್ರೆ ಹಿಂದಿನ ಮನೆ ಮುಂದೆ ನಿಂತ್ಕೊಂಡು ಬರೆದೆ. ಗಿರಾಕಿ ಬರಲ್ಲ ಅಂತ ಗೊತ್ತಿತ್ತು. ಆದ್ರೂ ನಂದೇನೂ ದೂರಿಲ್ಲ, ತಗೊ ಅಂದೆ. ನೀನು ಪೇಟೆ ಮನೆ ತಗೊಂಡೆ. ನಾನು ಬೇಡ ಅಂದ್ರೂ ನನಗೋಸ್ಕರ ತಗೊಂಡ್ಯಲ್ಲ ಅಂದ್ಕೊಂಡೆ.” ಅವನು ಕಿಟಕಿಯಾಚೆಯ ರೈಲನ್ನು ನೋಡಿದ. “ಅವತ್ತಿಂದ ನಿನ್ನ ಮುಖ ನೋಡೋಕೂ ನಾಚಿಕೆ ನಂಗೆ.”

ಇಷ್ಟು ಉದ್ದದ ಮಾತನ್ನು ಅವಳು ಅವನ ಬಾಯಿಂದ ಇಪ್ಪತ್ತು ವರ್ಷದಲ್ಲಿ ಕೇಳಿರಲಿಲ್ಲ. ದೂರವಿಲ್ಲ ಎನ್ನಲು ಒಂದೇ ಒಂದು ವಕಾರ ಬೇಕಿತ್ತು, ದೂರು ಇಲ್ಲ ಎನ್ನಲು ನಡುವೆ ಒಂದು ಬೆರಳು ಜಾಗ; ಅಲ್ಲಿ ಎರಡೂ ಇರಲಿಲ್ಲ. ಮೂರು ತಿಂಗಳು ಆ ಇಸ್ತ್ರಿ, ಆ ಚಹಾ, ಆ ಟಾರ್ಚಿನ ಬೆಳಕು ಎಲ್ಲವನ್ನೂ ಅವಳು ಲಂಚವೆಂದು ನುಂಗಿದ್ದಳು. ಹೊರಗಿನ ಪಟ್ಟಿ ನೋಡಿ ಆಯ್ತು ಎನ್ನಬೇಡಿ ಎಂದು ಊರಿಗೆಲ್ಲ ಪಾಠ ಹೇಳಿದವಳು, ಗಂಡನ ಮಾತನ್ನು ಬಿಚ್ಚಿ ಒಳಗೆ ನೋಡಿರಲಿಲ್ಲ. ಅವಳಿಗೆ ಅಳು ಬಂತು, ಅದರ ಜೊತೆಗೇ ಕೆಟ್ಟ ನಗುವೂ ಬಂತು. ಮುಂದಿನ ಸೀಟಿನವರು ತಿರುಗಿ ನೋಡಿದರು.

“ಎಷ್ಟು ಗಂಟೆ?” ಎಂದ ಅವನು.

ಆರು ಹನ್ನೊಂದು. ಹತ್ತೊಂಬತ್ತು ನಿಮಿಷ ಉಳಿದಿತ್ತು.

“ಇಳಿ” ಎಂದ.

ಮೆಟ್ಟಿಲುಗಳನ್ನು ಅವಳು ಒಂಟಿಕಾಲಿನಲ್ಲಿ ಹತ್ತಿದಳು. ಅವಳ ತೋಳು ಅವನ ಕುತ್ತಿಗೆಯ ಸುತ್ತ, ಅವನ ಕೈ ಅವಳ ಸೊಂಟದಲ್ಲಿ. ಸದಾ ಕೂತು ಮಿಷಿನ್ ತುಳಿಯುವ ಮನುಷ್ಯನಿಗೆ ಇಪ್ಪತ್ತನೆಯ ಮೆಟ್ಟಿಲಿಗೇ ಏದುಸಿರು. “ನಿಲ್ಲೋಣ್ವಾ?” ಎಂದಳು. “ಎಣಿಸು” ಎಂದ. ಅವಳು ಎಣಿಸಿದಳು. ಮೂವತ್ತೆಂಟು. ಕೆಳಗೆ ರೈಲು ಮಿಸುಕಾಡದೆ ನಿಂತಿತ್ತು. ಇಳಿಯುವಾಗ ಉಳುಕಿದ ಕಾಲು ಎರಡು ಸಲ ಮೆಟ್ಟಿಲಿಗೆ ತಾಗಿ ಕಣ್ಣಿಗೆ ಕತ್ತಲು ಕವಿಯಿತು. ನೆಲಕ್ಕೆ ಬಂದಾಗ ಆರು ಹದಿನೇಳು.

ಒಂದು ಕಿಲೋಮೀಟರು ಕಾಂಪೌಂಡು ಗೋಡೆಯ ಉದ್ದಕ್ಕೆ ನಡೆದರು. ನಡೆದರು ಎನ್ನುವುದೂ ಸುಳ್ಳೇ. ಅವಳು ಕುಂಟಿದಳು, ಅವನು ಎಳೆದ. ಅವನ ದೊಡ್ಡ ಚಪ್ಪಲಿ ಎರಡು ಬಾರಿ ಕಾಲಿನಿಂದ ಕಳಚಿತು. ಎರಡನೆಯ ಬಾರಿ ಅವನು ಅದನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು “ಬಿಡು, ಹಾಗೇ ನಡಿ” ಎಂದ. ಅವಳು ಬರಿಗಾಲಿನಲ್ಲೇ ನಡೆದಳು. ಆಸ್ಪತ್ರೆಯ ಗೇಟಿನ ಗಡಿಯಾರ ಆರು ಇಪ್ಪತ್ತೇಳು ತೋರಿಸುತ್ತಿತ್ತು. ಅವಳ ಕೋಣೆ ಇನ್ನೂ ಒಂದು ಉದ್ದನೆಯ ಪಡಸಾಲೆಯ ತುದಿಯಲ್ಲಿ. ಹೊರಗಿನವರು ಅಲ್ಲಿಗೆ ಹೋಗುವಂತಿರಲಿಲ್ಲ. ಅವನು ಅವಳ ಹೆಗಲಿಗೆ ಚೀಲ ಹಾಕಿ ಕೈ ಬಿಟ್ಟ. ಅವಳು ಗೋಡೆ ಹಿಡಿದು ಹಿಡಿದು ಹೋದಳು.

ಮೇಲ್ವಿಚಾರಕಿ ಪುಸ್ತಕ ತೆರೆದಿಟ್ಟುಕೊಂಡು ಕೂತಿದ್ದಳು. ಕೆಂಪು ಪೆನ್ನು ಆಗಲೇ ಕೈಯಲ್ಲಿತ್ತು. ಬಾಗಿಲಲ್ಲಿ ಬೆವರಿಳಿಯುತ್ತ, ಒಂದು ಕಾಲಲ್ಲಿ ಚಪ್ಪಲಿಯಿಲ್ಲದೆ ನಿಂತವಳನ್ನು ನೋಡಿದಳು. ಆಮೇಲೆ ಗೋಡೆಯ ಗಡಿಯಾರ ನೋಡಿದಳು. ದೊಡ್ಡ ಮುಳ್ಳು ಆರರ ಮೇಲೆ ಬರಲು ಇನ್ನೂ ಅರ್ಧ ನಿಮಿಷವಿತ್ತು. ಅವಳು ಕೆಂಪು ಪೆನ್ನು ಕೆಳಗಿಟ್ಟು ನೀಲಿಯದನ್ನು ಮುಂದಕ್ಕೆ ನೂಕಿದಳು.

“ಸಹಿ ಮಾಡಿ. ಮೊದಲು ಕಾಲಿಗೆ ಪಟ್ಟಿ ಕಟ್ಟಿಸ್ಕೊಳ್ಳಿ. ಟ್ರೇ ಕೂತ್ಕೊಂಡೇ ಜೋಡಿಸಿ.”

ಅಂದು ಎಣಿಕೆಯಕ್ಕ ಎಲ್ಲವನ್ನೂ ಎರಡೆರಡು ಸಲ ಎಣಿಸಿದಳು.

ಮಧ್ಯಾಹ್ನ ಎರಡೂವರೆಗೆ ಹೊರಗೆ ಬಂದಾಗ ಅವನು ಹೋಗಿರಲಿಲ್ಲ. ಗೇಟಿನ ಬೆಂಚಿನ ಮೇಲೂ ಇರಲಿಲ್ಲ. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ, ಆ ಮನೆಯ ಮೆಟ್ಟಿಲ ಮೇಲೆ ಆ ದೊಡ್ಡ ಒಂಟಿ ಚಪ್ಪಲಿಯನ್ನು ಪಕ್ಕದಲ್ಲಿಟ್ಟುಕೊಂಡು ಕೂತಿದ್ದ. ಮನೆಯ ಬಾಗಿಲಿಗೆ ‘ಬಾಡಿಗೆಗೆ ಇದೆ’ ಎಂಬ ಬೋರ್ಡು ಇನ್ನೂ ತೂಗಾಡುತ್ತಿತ್ತು. ಕಾದು ಕೂತಿದ್ದಾರೆ ಎಂದು ಬ್ರೋಕರ್ ಹೇಳಿದ್ದ ಆ ಇನ್ನೊಬ್ಬರು ಇನ್ನೂ ಹುಟ್ಟಿಯೇ ಇರಲಿಲ್ಲ ಎಂದು ಕಾಣುತ್ತದೆ.

ಅವಳು ಬಂದು ಅವನ ಪಕ್ಕದಲ್ಲಿ ಕೂತಳು. ಅವನ ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು.

“ಓನರ್ ಹತ್ರ ಮಾತಾಡಿದೆ. ಬರೋ ಭಾನುವಾರ ಬರಬಹುದಂತೆ. ಅಮ್ಮನ ಮಂಚಕ್ಕೆ ಜಾಗ ಅಳೆದೆ, ಹಿಡಿಯತ್ತೆ.”

“ಮಿಷಿನ್‌ಗೆ?”

“ಮಿಷಿನ್ ಇಲ್ಲಿಗೆ ಬರಲ್ಲ. ಪೇಟೇಲಿ ಮುಂದಿನ ಕೋಣೆ ಒಂದೇ ಇಟ್ಕೋತೀನಿ, ಹಿಂದಿನ ಭಾಗ ಅಲ್ಲಿಯ ಓನರ್ ಬೇರೆಯವರಿಗೆ ಕೊಟ್ಕೊಳ್ಳಲಿ. ಇನ್ಮೇಲೆ ಆ ಬಸ್ಸು ನಂದು. ಅಂಗಡಿ ತೆಗೆಯೋದು ಹತ್ತು ಗಂಟೆಗೆ. ಗೇಟು ಬಿದ್ರೆ ಬೀಳ್ಲಿ. ದರ್ಜಿ ತಡ ಮಾಡಿದ ಅಂತ ಕೆಂಪು ಗೆರೆ ಹಾಕೋರು ಯಾರಿದಾರೆ? ಎಲ್ಲ ದರ್ಜಿಗಳೂ ತಡಾನೇ.”

ಅವಳು ನಗಲು ಹೋದಳು, ಆಗಲಿಲ್ಲ. ಹೋಗಲು ಒಂದೂವರೆ ಗಂಟೆ, ಬರಲು ಎರಡು ಗಂಟೆ, ಈ ವಯಸ್ಸಿನಲ್ಲಿ, ದಿನವೂ. ಅವಳು ಅದನ್ನೆಲ್ಲ ಮನಸ್ಸಿನಲ್ಲೇ ಕೂಡಿಸಿ ನೋಡಿದಳು.

“ನಿಮಗೆ ತುಂಬ ದೂರ ಆಗತ್ತೆ ಕಣ್ರೀ” ಎಂದಳು.

ಅವನು ಚಪ್ಪಲಿಯನ್ನು ಅವಳ ಕಾಲಿನ ಬಳಿ ಸರಿಸಿದ. ಈ ಬಾರಿ ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದ.

“ದೂರ ಹೌದು. ದೂರು ಇಲ್ಲ.”